ಪಂಚರ ಡೈಮಂಡ್ ದರ್ಜೆ

ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟಿರುವ ಚನಮಲ್ಲಪ್ಪನವರಿಗೆ ಎರಡು ಹುದ್ದೆಗಳಿವೆ. ಮೊದಲನೆಯದು ಅಂಗಡಿಯ ಸಾವಕಾರಿಕೆ. ಅದು ತಂದೆಯಿಂದ ಬಂದದ್ದು. ಎರಡನೆಯದು ಕುಸ್ತಿ ಕಣದ ಪಂಚಗಿರಿ, ಅಂದರೆ ತೀರ್ಪುಗಾರಿಕೆ. ಅದು ದೇವರಿಂದಲೇ ಬಂದದ್ದು ಎಂದು ಅವರ ನಂಬಿಕೆ. ಸ್ವತಃ ಅವರು ಎಂದೂ ಕುಸ್ತಿ ಹಿಡಿದವರಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಗರಡಿ ಮನೆಗೆ ಹೋದಾಗ ಕೆಂಪು ಮಣ್ಣು ಮೂಗಿಗೆ ಹೊಕ್ಕು ಸೀನು ಹತ್ತಿದ್ದರಿಂದ, ಆ ವಿದ್ಯೆಯನ್ನು ದೂರ ನಿಂತೇ ಕಲಿತರು. ದೂರ ನಿಂತು ಕಲಿತವನ ಕಣ್ಣು ಹೆಚ್ಚು ಚುರುಕಾಗಿರುತ್ತದೆ ಎಂಬುದು ಅವರ ಇನ್ನೊಂದು ನಂಬಿಕೆ.

ನಮ್ಮ ಕಡೆ ಕುಸ್ತಿ ಹಿಡಿಯುವುದಕ್ಕಿಂತ ಜೋಡಿ ಹಚ್ಚುವುದು ಕಷ್ಟ. ಕಣದ ಸುತ್ತ ಲಂಗೋಟಿ ಬಿಗಿದ ಹುಡುಗರು ಓಡಾಡುತ್ತಿರುತ್ತಾರೆ. ಯಾರ ಮೇಲೆ ಯಾರು ಇಳಿಯಬೇಕೆಂಬುದನ್ನು ಪಂಚರು ಅಲ್ಲೇ ನಿಂತು ತೀರ್ಮಾನಿಸಬೇಕು. ಚನಮಲ್ಲಪ್ಪ ಒಬ್ಬನ ರಟ್ಟೆ ಹಿಚುಕಿ, ಕುತ್ತಿಗೆಯ ಹಿಂದೆ ಕೈಯಾಡಿಸಿ, ಇನ್ನೊಬ್ಬನನ್ನು ಗುಂಪಿನಿಂದ ಎಳೆದು ತಂದು, ಇಬ್ಬರ ಕೈ ಕೂಡಿಸಿಬಿಟ್ಟರೆ ಮುಗಿಯಿತು.

"ಸಾವಕಾರ್ರ, ಅಂವ ನನಗಿಂತ ಡಬಲ್ ಅದಾನ್ರಿ," ಎಂದು ಹುಡುಗ ಗೋಗರೆಯುತ್ತಾನೆ.

"ನಿನ್ನ ತಾಕತ್ತು ನಿನಗೇನ್ ಗೊತ್ತಲೇ? ನನಗ ಗೊತ್ತೈತಿ. ಇಳಿ ಕಣಕ್ಕ."

ಹುಡುಗ ಇಳಿಯುತ್ತಾನೆ, ಬೀಳುತ್ತಾನೆ, ಮಣ್ಣು ಕೊಡವುತ್ತ ಮತ್ತೆ ಬರುತ್ತಾನೆ. "ಜೋಡಿ ಸರಿ ಇರಲಿಲ್ರಿ."

"ಬಿದ್ದಾಂವ ಎಲ್ಲಾರೂ ಹಿಂಗ ಅಂತಾರ. ಗೆದ್ದಾಂವ ಒಬ್ಬನರ ಅಂದಾನೇನು?"

ಇಬ್ಬರೂ ಬೀಳದೆ ಹೊತ್ತು ಹೋಗುತ್ತಿದ್ದರೆ ಪಂಚರು ನಡುವೆ ಬಂದು ಬಿಡಿಸುತ್ತಾರೆ. ಇಬ್ಬರೂ ಎರಡೂ ಕೈ ಮೇಲೆತ್ತಿ ನಿಂತರೆಂದರೆ ಕುಸ್ತಿ ಬರಾಬರಿ. ಸೋಲೂ ಇಲ್ಲ, ಗೆಲುವೂ ಇಲ್ಲ. ಎತ್ತಿದ ಕೈಯನ್ನು ಇಳಿಸಿ ಎದುರಿನವನ ಕಾಲಿಗೆ ಕೈ ಹಾಕಿದವನನ್ನು ಚನಮಲ್ಲಪ್ಪ ಮತ್ತೆ ಕಣದ ಹತ್ತಿರ ಸುಳಿಯಗೊಟ್ಟದ್ದಿಲ್ಲ.

ಇಂಥ ಮನುಷ್ಯನ ಕೈಗೆ ಮೊಬೈಲಿನ ಗುಂಡಿನ ಆಟ ಬಂದದ್ದು ಮಗಳು ಅಕ್ಷತಾಳಿಂದ. ಅವಳು ಜಮಖಂಡಿಯ ಕಾಲೇಜಿಗೆ ಹೋಗುವವಳು. ಬಸ್ಸಿನಲ್ಲಿ ಹೊತ್ತು ಕಳೆಯಲು ಆಡುತ್ತಿದ್ದಳು. ಆಟವೇನು ದೊಡ್ಡದಲ್ಲ. ಒಂದು ದ್ವೀಪಕ್ಕೆ ನೂರಾರು ಜನ ಇಳಿಯುತ್ತಾರೆ, ಸಿಕ್ಕ ಬಂದೂಕು ಎತ್ತಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ದ್ವೀಪದ ಸುತ್ತ ಒಂದು ವರ್ತುಲ ಕಿರಿದಾಗುತ್ತ ಬರುತ್ತದೆ. ಅದರ ಹೊರಗುಳಿದವರ ಜೀವ ತಾನೇ ಸೋರಿಹೋಗುತ್ತದೆ. ಕೊನೆಗೆ ಉಳಿದವನು ಗೆದ್ದ. ಗೆದ್ದರೆ ಅಂಕ ಏರುತ್ತವೆ, ಬೇಗ ಸತ್ತರೆ ಇಳಿಯುತ್ತವೆ. ಅಂಕ ಏರಿದಂತೆ ದರ್ಜೆ ಏರುತ್ತದೆ: ಕಂಚು, ಬೆಳ್ಳಿ, ಗೋಲ್ಡ್, ಪ್ಲಾಟಿನಂ, ಅದರ ಮೇಲೆ ಡೈಮಂಡ್. ಮತ್ತು ಆಟವು ಪ್ರತಿಸಲವೂ ನಿಮ್ಮ ದರ್ಜೆಯವರನ್ನೇ ಹುಡುಕಿ ನಿಮ್ಮ ಎದುರಿಗೆ ಬಿಡುತ್ತದೆ.

"ಅಂದ್ರ ಇದು ಜೋಡಿ ಹಚ್ಚತೈತಿ ಅನ್ನು," ಎಂದರು ಚನಮಲ್ಲಪ್ಪ, ಕನ್ನಡಕ ಸರಿಪಡಿಸಿಕೊಂಡು.

"ಹೂಂ ಅಪ್ಪಾ. ಕಂಪ್ಯೂಟರ ಹಚ್ಚತೈತಿ."

"ಛಲೋ ಪದ್ಧತಿ."

ಕಂಚು, ಬೆಳ್ಳಿ ದಾಟಿ ಗೋಲ್ಡ್ ಮುಟ್ಟುವವರೆಗೆ ಅವರ ಈ ಅಭಿಪ್ರಾಯ ಬದಲಾಗಲಿಲ್ಲ. ಅಂಗಡಿಗೆ ನೂಲಿಗೆ ಬಂದ ಮಗ್ಗದ ಮಾಲೀಕರಿಗೂ ಹೇಳಿದರು: ಮನುಷ್ಯನ ಯೋಗ್ಯತೆ ಅಳೆಯುವುದನ್ನು ಈ ಕಂಪನಿಯವರಿಂದ ಕಲಿಯಬೇಕು, ಇವರಲ್ಲಿ ವಶೀಲಿ ಇಲ್ಲ, ಜಾತಿ ಇಲ್ಲ, ಪಾರ್ಟಿ ಇಲ್ಲ. ಪ್ಲಾಟಿನಂ ಆದಮೇಲೆ ಗಾಡಿ ನಿಂತಿತು. ಅಂಕ ಒಂದಿಷ್ಟು ಏರುವುದು, ಮರುದಿನ ಅಷ್ಟೇ ಇಳಿಯುವುದು. ಆಗ ಕಂಪನಿಯ ಪದ್ಧತಿಯಲ್ಲಿ ಮೊದಲ ಬಿರುಕು ಕಾಣಿಸಿತು.

ಮೊದಲು ನೆಟ್‌ವರ್ಕಿನ ತಪ್ಪು. ಸಿಮ್ ಬದಲಾಯಿಸಿದರು. ಅಂಗಡಿಯ ಗಾದಿ ಬಿಟ್ಟು, ನೂಲಿನ ಮೂಟೆಗಳ ಮೇಲೆ ಕೂತರು; ಮೂಟೆ ಬಿಟ್ಟು ಮನೆಯ ಮಾಳಿಗೆ ಹತ್ತಿ ನೀರಿನ ಟಾಕಿಯ ನೆರಳಿನಲ್ಲಿ ಕೂತರು. ಹೆಂಡತಿ ರಾಜಶ್ರೀ ಕೆಳಗಿನಿಂದ ಕೂಗಿದಳು: "ರೀ, ಮೋಟಾರ ಸುಟ್ಟೈತಿ, ಮನ್ಯಾಗ ಹನಿ ನೀರಿಲ್ಲ! ನೀವು ಅಲ್ಲಿ ಯಾವ ದ್ವೀಪದಾಗ ಜೀವ ಬಿಡಾಕತ್ತೀರಿ?"

"ಒಂದ ನಿಮಿಷ ತಡಿ, ಇನ್ನೂ ಜೀವ ಹೋಗಿಲ್ಲ!"

ಅಷ್ಟರಲ್ಲಿ ಹೋಯಿತು. ಆ ದಿನ ಇಳಿದ ಅಂಕಗಳನ್ನು ಅವರು ಮೋಟಾರಿನ ಖಾತೆಗೆ ಹಾಕಿದರು.

ಆಮೇಲೆ ಜೊತೆಗಾರರ ತಪ್ಪು. ಈ ಆಟವನ್ನು ಒಬ್ಬಂಟಿಯಾಗಿ ಆಡಬಹುದು, ನಾಲ್ವರ ಗುಂಪಾಗಿಯೂ ಆಡಬಹುದು. ಗುಂಪಿನಲ್ಲಿ ಆಡಿದರೆ ಉಳಿದ ಮೂವರನ್ನು ಕಂಪ್ಯೂಟರೇ ಆರಿಸಿ ಕೊಡುತ್ತದೆ. ಚನಮಲ್ಲಪ್ಪನವರಿಗೆ ಗುರುತಿಲ್ಲದವನ ಪಕ್ಕ ನಿಂತು ಗುಂಡು ಹಾರಿಸುವುದು ಒಗ್ಗುತ್ತಿರಲಿಲ್ಲ. ಮೈಕ್ ಹಚ್ಚಿ ಮೊದಲು ವಿಚಾರಿಸುತ್ತಿದ್ದರು.

"ತಮ್ಮಾ, ನೀ ಯಾವ ಊರಾಂವ?"

"ಚಿಮ್ಮಡದಾಂವ್ರಿ."

"ಏ, ನಮ್ಮ ಬಾಜೂಕಿನಾಂವನ ಅದಿ! ಚಿಮ್ಮಡದಾಗ ಯಾರ ಪೈಕಿ?"

"ಕಾಕಾ, ಎಡಕ್ಕ ಮಂದಿ ಬಂದಾರ, ಮೊದಲ ಬಂದೂಕ ಎತ್ತರಿ."

"ಎತ್ತೂಣಂತ. ಅಡ್ಡಹೆಸರೇನು ನಿಮ್ಮದು?"

ಅಡ್ಡಹೆಸರು ಗೊತ್ತಾಗುವ ಮೊದಲೇ ಇಬ್ಬರೂ ಸತ್ತರು. ಚನಮಲ್ಲಪ್ಪ ಮೊಬೈಲನ್ನು ಮೂಟೆಯ ಮೇಲೆ ಒಗೆದು, "ಇಂಥಾವ್ರನ್ನ ಕಟ್ಟಿ ನನ್ನ ಕೆಳಗ ಎಳ್ಯಾಕತ್ತಾರ," ಎಂದರು. ನಾಲ್ವರಲ್ಲಿ ಮೂವರು ಸುಮಾರು ಆಟಗಾರರೆಂದು ಅವರಿಗೆ ಪ್ರತಿಸಲವೂ ಕಾಣುತ್ತಿತ್ತು. ಆ ಮೂವರಿಗೆ ಏನು ಕಾಣುತ್ತಿತ್ತೆಂದು ಅವರು ಎಂದೂ ಕೇಳಲಿಲ್ಲ.

ಅವರ ಮೈಕಿನ ವಿಷಯ ಒಂದಿಷ್ಟು ಹೇಳಬೇಕು. ಅದನ್ನು ಜೊತೆಗಾರರಿಗೆ ಮಾತ್ರ ಕೇಳುವಂತೆ ಇಡಬಹುದು, ಸುತ್ತಲಿನ ವೈರಿಗಳಿಗೂ ಕೇಳುವಂತೆ ಇಡಬಹುದು. ಚನಮಲ್ಲಪ್ಪ ಸದಾ ಎಲ್ಲರಿಗೂ ಕೇಳುವಂತೆ ಇಡುತ್ತಿದ್ದರು. ಗೋಡೆಯ ಹಿಂದೆ ಅಡಗಿ ಕೂತು, "ನಾ ಇಲ್ಲಿ ಗ್ವಾಡಿ ಹಿಂದ ಕುಂತೇನಿ, ಯಾರೂ ಮಾತಾಡಬ್ಯಾಡ್ರಿ," ಎಂದು ಕಣದಲ್ಲಿ ಕೂಗುವ ದನಿಯಲ್ಲೇ ಹೇಳುತ್ತಿದ್ದರು. ಕೂಡಲೇ ಗೋಡೆಯ ಹಿಂದಕ್ಕೇ ಯಾರೋ ಬಂದು ಹೊಡೆಯುತ್ತಿದ್ದರು.

"ಅಪ್ಪಾ, ನಿನ್ನ ದನಿ ಕೇಳೇ ಬರತಾರ. ಮೈಕ್ ಬಂದ್ ಮಾಡು," ಎಂದು ಅಕ್ಷತಾ ಬೇಡಿಕೊಂಡಳು.

"ಬಾಯಿ ಮುಚ್ಚಗೊಂಡು ಆಡಾಕ ನಾ ಏನು ಕಳ್ಳೇನು?"

ಕೊನೆಗೆ ಕಂಪನಿಗೇ ದೂರು ಹೋಯಿತು. ಚನಮಲ್ಲಪ್ಪ ಹೇಳಿದರು, ಅಕ್ಷತಾ ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು. ತಾವು ಕುಸ್ತಿ ಕ್ಷೇತ್ರದಲ್ಲಿ ಬಹಳ ವರ್ಷಗಳಿಂದ ಜೋಡಿ ಹಚ್ಚುತ್ತ ಬಂದವರು, ಬೇಕಾದರೆ ಕಂಪನಿಗೆ ಸಲಹೆ ಕೊಡಲು ಸಿದ್ಧರು, ಸದ್ಯಕ್ಕೆ ತಮ್ಮ ದರ್ಜೆಯನ್ನು ಮರುಪರಿಶೀಲಿಸಬೇಕು ಎಂಬುದು ಅದರ ಸಾರ. ಅದರೊಳಗೆ ಹೋದ ಸೀಸನ್ನಿನ ಮಾತೂ ಇತ್ತು. ಆಗ ಒಂದು ಮಧ್ಯಾಹ್ನ ಅವರು ಡೈಮಂಡ್ ಮುಟ್ಟಿದ್ದರು. ಊಟಕ್ಕೆ ಎದ್ದು ಬಂದು ಮತ್ತೆ ಆಡಿದಾಗ ಇಳಿದುಹೋಗಿತ್ತು. ಆಮೇಲೆ ಸೀಸನ್ ಮುಗಿದು, ಆಟದ ನಿಯಮದಂತೆ ಎಲ್ಲರ ಅಂಕಗಳೂ ಕೆಳಗಿಳಿದವು. "ಪೈಲವಾನಗ ಕೊಟ್ಟ ಬೆಳ್ಳಿ ಗದಾ ಮರುವರ್ಷ ಯಾರರ ವಾಪಸ್ ಇಸ್ಕೋತಾರೇನು? ಇದನ್ನ ಬರಿ," ಎಂದು ಒತ್ತಿ ಹೇಳಿದ್ದರು.

ಕೂಡಲೇ ಉತ್ತರ ಬಂತು. ಇಷ್ಟು ಕೂಡಲೇ ಬಂದದ್ದರಿಂದ ಕಂಪನಿ ಗಾಬರಿಯಾಗಿದೆ ಎಂದು ಅವರು ತಿಳಿದರು.

"ಏನ್ ಬರದಾರ?"

"ನಿಮ್ಮ ಅಭಿಪ್ರಾಯ ನಮಗ ಅಮೂಲ್ಯ, ಆಟ ಮುಂದುವರಸರಿ ಅಂತ ಬರದಾರಪ್ಪಾ. ಇದು ಎಲ್ಲಾರಿಗೂ ಮಶೀನ ಕಳಸ್ತೈತಿ."

"ಅಮೂಲ್ಯ ಅಂದಾರ. ಬರೇ ಪ್ಲಾಟಿನಂ ಮನಷ್ಯಾಗ ಹಂಗ ಅಂತಾರೇನು?"

ಒಂದು ಪ್ರಯೋಗವನ್ನೂ ಮಾಡಿದರು. ಹೊಸ ಹೆಸರಿನಲ್ಲಿ, ಹೊಸ ನಂಬರಿನಲ್ಲಿ, ಕಂಚಿನಿಂದ ಮತ್ತೆ ಶುರು ಮಾಡಿದರು. ಕಂಪನಿಯ ಹಳೆಯ ದ್ವೇಷವಿಲ್ಲದಿದ್ದರೆ ತಾವು ನೇರವಾಗಿ ಡೈಮಂಡಿಗೆ ಹೋಗಿ ನಿಲ್ಲುತ್ತೇವೆಂದು ಜಗತ್ತಿಗೆ ತೋರಿಸಬೇಕಾಗಿತ್ತು. ಹೊಸ ಹೆಸರೂ ಏರುತ್ತ ಏರುತ್ತ ಹಳೆಯ ಹೆಸರು ನಿಂತಲ್ಲಿಗೇ ಬಂದು ನಿಂತಿತು. ಅಕ್ಷತಾ ಏನೋ ಹೇಳಲು ಬಾಯಿ ತೆರೆದಳು. ಚನಮಲ್ಲಪ್ಪ ಕೈ ಅಡ್ಡ ಹಿಡಿದರು.

"ನೋಡಿದೇನು? ಗುರ್ತು ಹಿಡದಾರ."

ಹೀಗೆ ಅವರೂ ಕಂಪನಿಯೂ ಒಬ್ಬರನ್ನೊಬ್ಬರು ಸಹಿಸಿಕೊಂಡು ಇನ್ನೂ ಎಷ್ಟೋ ಕಾಲ ಇರುತ್ತಿದ್ದರು. ಆದರೆ ಮೊಬೈಲ್ ರಿಪೇರಿ ಅಂಗಡಿಯ ವೀರೇಶ ಒಂದು ದಿನ ಸುದ್ದಿ ತಂದ. ಜಮಖಂಡಿಯ ತರುಣರ ಸಂಘವೊಂದು ಇದೇ ಆಟದ ಪಂದ್ಯಾವಳಿ ನಡೆಸುತ್ತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ಕಡೆಯಿಂದ ಒಂದೊಂದು ತಂಡ. ನಾಯಕನಾಗುವವನು ಮಾತ್ರ ಡೈಮಂಡ್ ಇರಲೇಬೇಕೆಂದು ಸಂಘದ ನಿಯಮ.

ವೀರೇಶ ಸ್ವತಃ ಡೈಮಂಡ್. ಅವನು ಆ ಮಾತನ್ನು ಎಂದೂ ಎತ್ತುತ್ತಿರಲಿಲ್ಲ. ಚನಮಲ್ಲಪ್ಪನವರ ದೃಷ್ಟಿಯಲ್ಲಿ ಅದು ಅವನ ಸಂಸ್ಕಾರ.

"ಕಾಕಾ, ನೀವು ಹಿರ್ಯಾರು. ನೀವು ಡೈಮಂಡ್ ಆದ್ರ ನೀವ ನಾಯಕ್ರು. ರವಿವಾರ ಸಂಜಿಕ ಹೆಸರ ಕಳಸಬೇಕು. ಅಷ್ಟರಾಗ ಆಗತೈತೇನ್ರಿ?"

"ಆಗತೈತೇನ್ರಿ ಅಂತ ಕೇಳತಿಯಲ್ಲೋ! ಆಗೇ ಇದ್ದೆ. ಕಂಪನಿ ಇಳಿಸೈತಿ. ಅಷ್ಟ."

ವೀರೇಶ ಹೋದ ಕೂಡಲೇ ಸುದ್ದಿ ಊರಿಗೆ ಹೋಯಿತು; ಕಳಿಸಿದವರು ಚನಮಲ್ಲಪ್ಪನವರೇ. ಬನಹಟ್ಟಿಯ ಬ್ಯಾಂಕಿನಲ್ಲಿ, ರಬಕವಿಯ ಚಹಾದ ಅಂಗಡಿಯಲ್ಲಿ, ಮುಧೋಳದಲ್ಲಿ ಹೆಂಡತಿಯ ತವರಿನಲ್ಲಿ, ತಾವು ನಾಯಕರೆಂದು ಹೇಳಿಯಾಯಿತು. ಮುಧೋಳದ ಮಾವನವರು ಯಾವ ಪಾರ್ಟಿಯಿಂದ ಎಂದು ಕೇಳಿದರಂತೆ. ಇನ್ನು ಡೈಮಂಡ್ ಆಗದೆ ಈ ನಾಲ್ಕೂರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

ಶನಿವಾರ ರಬಕವಿಯಲ್ಲಿ ಕುಸ್ತಿ ಇತ್ತು. ಜೋಡಿ ಹಚ್ಚುವಾಗ ಒಬ್ಬ ಪೈಲವಾನನ ಮಾವಂದಿರು ಜಗಳ ತೆಗೆದದ್ದರಿಂದ ಚನಮಲ್ಲಪ್ಪ ಕೂಗಾಡಿ ಕೂಗಾಡಿ ಗಂಟಲು ಕಟ್ಟಿಸಿಕೊಂಡು ಬಂದರು. ರವಿವಾರ ಬೆಳಗ್ಗೆ ಬಾಯಿ ತೆರೆದರೆ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ರಾಜಶ್ರೀ ಅರಿಷಿಣ ಹಾಕಿ ಹಾಲು ಕೊಟ್ಟಳು. ಮನೆ ಇಷ್ಟು ಶಾಂತವಾಗಿದ್ದುದು ಮದುವೆಯಾದಾಗಿನಿಂದ ಇದೇ ಮೊದಲು ಎಂದಳು. ಊಟ ಮುಗಿಸಿ ಚನಮಲ್ಲಪ್ಪ ಮಾಳಿಗೆಗೆ ಹೋದರು. ಚಿಮ್ಮಡದವರ ಸಹವಾಸವೇ ಬೇಡವೆಂದು ಒಬ್ಬಂಟಿ ಆಟಕ್ಕೆ ಇಳಿದರು. ಅಂಕದ ಲೆಕ್ಕ ಅಕ್ಷತಾ ಹಾಕಿದ್ದಳು: ಇವತ್ತು ಒಂದು ಆಟದಲ್ಲಿ ಮೊದಲನೆಯವರಾದರೆ ಡೈಮಂಡ್, ಎರಡನೆಯವರಾದರೆ ಇಲ್ಲ.

ವಿಚಿತ್ರವೆಂದರೆ, ಅವರು ಆ ದಿನ ಸಾಯಲೇ ಇಲ್ಲ. ಗೋಡೆಯ ಹಿಂದೆ ಕೂತರೆ ಯಾರೂ ಬರಲಿಲ್ಲ. ಹುಲ್ಲಿನಲ್ಲಿ ಮಲಗಿದರೆ ಜನ ಪಕ್ಕದಲ್ಲೇ ಓಡಿಹೋದರು. ಸೋಮವಾರದ ಉಪವಾಸದ ಫಲ ರವಿವಾರವೇ ಸಿಕ್ಕಿತೆಂದು ಅವರು ಆಕಾಶಕ್ಕೆ ಕೈ ಮುಗಿದರು. ಅಕ್ಷತಾ ಅಪ್ಪನ ಗಂಟಲು ಇನ್ನೊಂದು ತಾಸು ಹೀಗೇ ಇರಲಿ ಎಂದು ಬೇಡಿಕೊಂಡಳು.

ವರ್ತುಲ ಕಿರಿದಾಗುತ್ತ ಬಂದು ಕೊನೆಗೆ ಇಬ್ಬರೇ ಉಳಿದರು. ಒಂದು ಬಂಡೆಯ ಹಿಂದೆ ಚನಮಲ್ಲಪ್ಪ. ಎದುರಿನ ಬಂಡೆಯ ಹಿಂದೆ ಇನ್ನೊಬ್ಬ. ಆ ಇನ್ನೊಬ್ಬನ ಮೈಕೂ ಎಲ್ಲರಿಗೂ ಕೇಳುವ ಜಾತಿಯದೇ.

"ಯಾಂವ ಲೇ ಅಂವ? ಗಂಡಸ ಇದ್ರ ಹೊರಗ ಬಾ!"

ಚನಮಲ್ಲಪ್ಪನವರ ಕಿವಿ ನೆಟ್ಟಗಾಯಿತು. ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಪಿಸುಗುಟ್ಟಿದರು. "ನೀ ಯಾವ ಊರಾಂವ?"

"ಊರ ತಗೊಂಡು ಏನ್ ಮಾಡ್ತಿ? ಗಲಗಲಿಯಾಂವ."

"ಗಲಗಲಿಯಾಗ ಯಾರು?"

"ಸಿದರಾಯ. ನೀ ಯಾರು?"

"ಬನಹಟ್ಟಿ ಚನಮಲ್ಲಪ್ಪ."

ಎದುರಿನ ಬಂಡೆಯ ಹಿಂದಿನ ದನಿಯೇ ಬೇರೆಯಾಯಿತು. "ಸಾವಕಾರ್ರೇನ್ರಿ? ನೂಲಿನ ಅಂಗಡಿ? ಹ್ವಾದ ವರ್ಷ ನಮ್ಮೂರ ಕುಸ್ತಿಗೆ ಪಂಚ್ರಾಗಿ ಬಂದಿದ್ರಲ್ರಿ! ನಮ್ಮ ಮನ್ಯಾಗ ಉಂಡಿದ್ರಿ. ದನಿಗೆ ಏನಾತ್ರಿ?"

"ಗಂಟಲ ಕಟ್ಟೈತಿ. ನಿನ್ನಿ ಜೋಡಿ ಹಚ್ಚೂ ಮುಂದ ಜಗಳಾತು."

"ಅರಿಷಿಣದ ಹಾಲ ಕುಡೀರಿ."

"ಕುಡದೇನಪ್ಪ. ಮನ್ಯಾಗ ಎಲ್ಲಾರೂ ಆರಾಮ ಅದಾರೇನು?"

"ಅಪ್ಪಾ!" ಎಂದಳು ಅಕ್ಷತಾ. "ಅಂವ ಬಂಡೆ ಬಿಟ್ಟು ಹೊರಗ ಬಂದಾನ. ಹೊಡಿ!"

ಸಿದರಾಯ ನಿಜವಾಗಿಯೂ ಹೊರಗೆ ಬಂದಿದ್ದ. ಅವನೂ ಗಲಗಲಿಯಲ್ಲಿ ಪಂಚ. ಇದ್ದ ಕುರಿ, ಹೊಲ ನೋಡಿಕೊಂಡು, ಹೊಳೆದಂಡೆಯ ಕಣದಲ್ಲಿ ಜೋಡಿ ಹಚ್ಚುವವನು. ಚನಮಲ್ಲಪ್ಪನವರಿಗೆ ಅವನ ಮನೆಯ ಊಟ ನೆನಪಾಯಿತು. ಬಂದೂಕಿನ ಗುರಿ ಅವನ ಎದೆಯ ಮೇಲೇ ಇತ್ತು, ಬೆರಳು ಒತ್ತಲಿಲ್ಲ. ಹಾಗಂತ ಬಿಟ್ಟುಕೊಡುವುದೂ ಸಾಧ್ಯವಿರಲಿಲ್ಲ.

"ಸಿದರಾಯ, ನನಗ ಇವತ್ತು ಡೈಮಂಡ್ ಆಗಬೇಕು. ಜಮಖಂಡಿಯಾಗ ನಾಯಕ ಆಗೂದೈತಿ."

"ನನಗೂ ಅದ ಆಗಬೇಕ್ರಿ ಸಾವಕಾರ್ರ! ಬೀಳಗಿ ತಂಡಕ್ಕ ನಾನ ಅಂತ ಹೇಳಿ ಕುಂತೇನಿ. ಇದೊಂದು ಗೆದ್ರ ಡೈಮಂಡ್."

ಇಬ್ಬರು ಪಂಚರು, ನಡುವೆ ಒಂದೇ ಡೈಮಂಡ್. ಕುಸ್ತಿ ಕಣದಲ್ಲಿ ಇಂಥ ಹೊತ್ತಿಗೆ ಏನು ಮಾಡಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

"ಬರಾಬರಿ?" ಎಂದರು ಚನಮಲ್ಲಪ್ಪ.

"ಬರಾಬರಿ," ಎಂದ ಸಿದರಾಯ.

"ಅಪ್ಪಾ, ಇದ್ರಾಗ ಬರಾಬರಿ ಇಲ್ಲ!" ಅಕ್ಷತಾಳ ದನಿ ಅಳುವಿಗೆ ಬಂದಿತ್ತು.

"ಎರಡೂ ಕಡೆಯವ್ರು ಒಪ್ಪಿದ ಮ್ಯಾಲ ಇಲ್ಲ ಅನ್ನಾಕ ಕಂಪನಿ ಯಾರು?"

ಆಟದಲ್ಲಿ ಕುಣಿಯಲು, ಕೈ ಬೀಸಲು, ಕೈ ಎತ್ತಲು ಬಟನ್‌ಗಳಿರುತ್ತವೆ. ಹುಡುಗರು ಗೆದ್ದಾಗ ಅವುಗಳಿಂದ ಎದುರಿನವರನ್ನು ಅಣಕಿಸುತ್ತಾರೆ. ಇಬ್ಬರೂ ಬಯಲಿಗೆ ಬಂದು, ಬಂದೂಕು ಕೆಳಗೆ ಹಾಕಿ, ಕೈ ಎತ್ತುವ ಬಟನ್ ಒತ್ತಿ ಎದುರುಬದುರು ನಿಂತರು. ಅದಾಗಲೇ ಸತ್ತು, ಕೂತು ನೋಡುತ್ತಿದ್ದವರೆಲ್ಲ ಬೈಗುಳ ಬರೆದು ಕಳಿಸತೊಡಗಿದರು. ಅದನ್ನು ಇಬ್ಬರೂ ಜನರ ಮೆಚ್ಚುಗೆಯೆಂದು ತಿಳಿದರು. ವರ್ತುಲ ಮುಚ್ಚುತ್ತ ಬಂತು. ಇಬ್ಬರ ಜೀವವೂ ಒಟ್ಟಿಗೇ ಸೋರಿ, ಒಟ್ಟಿಗೇ ಮುಗಿದರೆ, ಯಾವ ಕಂಪನಿಯಾದರೂ ಇಬ್ಬರನ್ನೂ ಮೊದಲನೆಯವರೆಂದು ಬರೆದುಕೊಳ್ಳಲೇಬೇಕು. ಇದು ಚನಮಲ್ಲಪ್ಪನವರ ಲೆಕ್ಕ.

ಇನ್ನೇನು ಮುಗಿಯಬೇಕು ಎನ್ನುವಾಗ ಪರದೆಯ ಮೇಲೆ ಚನಮಲ್ಲಪ್ಪನವರ ಗೊಂಬೆಯ ಕೈ ಕೆಳಗಿಳಿಯಿತು. ಔಷಧದ ಬಟನ್ ಒತ್ತಿದ್ದರು. ಜೀವ ಒಂದಿಷ್ಟು ಮೇಲೇರಿತು. ಸಿದರಾಯನ ಗೊಂಬೆ ಕೈ ಎತ್ತಿಕೊಂಡೇ ನೆಲಕ್ಕೆ ಬಿತ್ತು. ಅದಾದ ಒಂದು ಕ್ಷಣಕ್ಕೆ ಚನಮಲ್ಲಪ್ಪನವರದೂ ಬಿತ್ತು. ಪರದೆ ಮಿನುಗಿತು, ಮೊದಲ ಸ್ಥಾನ, ನೀಲಿ ಹರಳೊಂದು ತಿರುಗುತ್ತ ಬಂದು ಅವರ ಹೆಸರಿನ ಮೇಲೆ ಕೂತಿತು.

ಅಕ್ಷತಾ ಅಪ್ಪನ ಮುಖ ನೋಡಿದಳು. "ಅಪ್ಪಾ, ನೀ ಔಷಧ ಹಾಕ್ಕೊಂಡಿ."

"ಬೆರಳು ತಾನ ಹೋತು. ರೂಢಿ."

ಸಂಜೆಯೊಳಗೆ ವೀರೇಶನ ಕೈಯಲ್ಲಿ ಹೆಸರು ಬರೆಸಿದರು. ಗಂಟಲೂ ಅರ್ಧ ಬಿಟ್ಟಿತ್ತು. ಆ ಅರ್ಧ ಗಂಟಲಿನಲ್ಲೇ ಕಂಪನಿಯ ಗುಣಗಾನ ನಡೆಯಿತು. ತಡವಾದರೂ ನ್ಯಾಯ ಸಿಗುತ್ತದೆ, ಮಶೀನು ಮನುಷ್ಯನ ಹಾಗಲ್ಲ, ಅದು ಮುಖ ನೋಡಿ ಮಣೆ ಹಾಕುವುದಿಲ್ಲ, ಅದು ಕೊಟ್ಟ ತೀರ್ಪನ್ನು ಒಪ್ಪಿಕೊಳ್ಳುವುದನ್ನು ನಾವು ಕಲಿಯಬೇಕು. ಹೆಂಡತಿ ಕೇಳಿದಳು: "ನಿನ್ನಿ ತನಕಾ ಅವ್ರು ಮೋಸಗಾರ್ರು ಇದ್ರಲ್ರಿ?" ಆಗ ಗಂಟಲು ಮತ್ತೆ ಕಟ್ಟಿತು.

ಮರುದಿನ ಬೆಳಗ್ಗೆ ಬಸ್ಸಿಳಿದು ಸಿದರಾಯ ಅಂಗಡಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೊಬೈಲು. ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ. ಅದರಿಂದಲೇ ಚನಮಲ್ಲಪ್ಪನವರಿಗೆ ಹೆದರಿಕೆಯಾಯಿತು. ಗಾದಿಯ ಮೇಲೆ ಕೂಡ್ರಿಸಿದರು. ಚಹಾ ಬಂತು. ನೂಲಿನ ದರ, ಹೊಳೆಯ ನೀರು, ಕುರಿಗಳ ರೋಗ ಎಲ್ಲ ಮಾತಾಯಿತು. ಲೋಟ ಕೆಳಗಿಟ್ಟು ಸಿದರಾಯ ಹೇಳಿದ:

"ಸಾವಕಾರ್ರ, ನಿಮ್ಮ ಕೈ ಇಳೀತು. ನಾ ನೋಡಿದೆ."

"ಬೆರಳು…"

"ಬೆರಳ ಮಾತ ಬ್ಯಾಡ್ರಿ. ಕಣದಾಗ ಯಾವನರ ಕೈ ಇಳಿಸಿ ಎದುರಿನಾಂವನ ಕಾಲಿಗೆ ಕೈ ಹಾಕಿ, ಬೆರಳು ತಾನ ಹೋತು ಅಂದ್ರ ನೀವೇನಂತೀರಿ?"

ಚನಮಲ್ಲಪ್ಪ ನೂಲಿನ ಮೂಟೆಗಳ ಕಡೆ ನೋಡಿದರು. "ಮಶೀನು ಡೈಮಂಡ್ ಅಂತ ಕೊಟ್ಟೈತಿ, ಸಿದರಾಯ. ನಾ ಬೇಡಿಲ್ಲ. ಮಶೀನಿನ ತೀರ್ಪು…"

"ನಾ ಡೈಮಂಡ್ ಕೇಳಾಕ ಬಂದಿಲ್ರಿ. ನೀವು ಇಟಗೋರಿ, ನಾಯಕ್ರಾಗ್ರಿ. ನಾ ಬಂದದ್ದು ಒಂದ ಕೇಳಾಕ. ಮುಂದಿನ ತಿಂಗಳ ನಮ್ಮೂರಾಗ ಕುಸ್ತಿ ಅದಾವು. ನಿಮ್ಮನ್ನ ಪಂಚ್ರು ಅಂತ ಕರೀಬೇಕೋ ಬ್ಯಾಡೋ?"

ಚನಮಲ್ಲಪ್ಪ ಚಹಾದ ಲೋಟ ತಿರುಗಿಸಿದರು. ಮಣ್ಣು ಮೆತ್ತಿದ ಹುಡುಗನೊಬ್ಬ ತಮ್ಮ ಕೈಯಿಂದ ಕೈ ಬಿಡಿಸಿಕೊಂಡು, ನಿಮ್ಮ ಜೋಡಿ ನನಗೆ ಬೇಡವೆಂದು ಹೋಗುವುದು ಕಣ್ಣಿಗೆ ಕಟ್ಟಿತು. ಅವನ ಹಿಂದೆ ಇನ್ನೊಬ್ಬ. ಡೈಮಂಡನ್ನು ಕಂಪನಿ ಕೊಡುತ್ತದೆ, ಕಸಿದುಕೊಳ್ಳುತ್ತದೆ. ಆ ಕೈಗಳನ್ನು ಯಾವ ಕಂಪನಿಯೂ ಮರಳಿ ತಂದುಕೊಡುವಂತಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡರು. "ನಡಿ, ವೀರೇಶನ ಕಡೆ ಹೋಗೂಣು."

ವೀರೇಶ ಯಾರದೋ ಮೊಬೈಲಿನ ಹೊಟ್ಟೆ ಬಿಚ್ಚಿ ಕೂತಿದ್ದ. ಪ್ರಕರಣವನ್ನೆಲ್ಲ ಕೇಳಿ ತಲೆ ಕೆರೆದುಕೊಂಡ. "ಕಾಕಾ, ಡೈಮಂಡ್ ವಾಪಸ್ ಕೊಡಾಕ ಬಟನ್ ಇಲ್ರಿ."

"ಕಂಪನಿಗೆ ಕೊಡೂದ ಬ್ಯಾಡ. ನೀ ಕಳಿಸಿದ ಹೆಸರಿನ ಮುಂದ ಪ್ಲಾಟಿನಂ ಅಂತ ತಿದ್ದು."

"ಸ್ಕ್ರೀನಿನ್ಯಾಗ ಡೈಮಂಡ್ ತೋರಸಾಕತ್ತೈತ್ರಿ! ಮಂದಿ ಸುಳ್ಳ ಹೇಳಿ ಮ್ಯಾಲ ಬರಸತಾರ. ಸುಳ್ಳ ಹೇಳಿ ಕೆಳಗ ಬರಸಿದವ್ರನ್ನ ನಾ ನೋಡಿಲ್ಲ."

"ತಿದ್ದು ಅಂದೆ."

"ಪ್ಲಾಟಿನಂ ಅಂದ್ರ ನಾಯಕ ಆಗಾಕ ಬರೂದಿಲ್ರಿ ಕಾಕಾ."

ಚನಮಲ್ಲಪ್ಪ ರಸ್ತೆಯ ಕಡೆ ತಿರುಗಿ ನಿಂತರು. ಬ್ಯಾಂಕು, ಚಹಾದ ಅಂಗಡಿ, ಮುಧೋಳದ ಮಾವ, ಎಲ್ಲರೂ ಆ ರಸ್ತೆಯಲ್ಲಿ ಒಮ್ಮೆ ಹಾದುಹೋದರು.

"ನಾಯಕ ಆಗೂದ ಬ್ಯಾಡ," ಎಂದರು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದುಕೊಂಡು ಹೋದರು. ಬಸ್ಸು ಹತ್ತುವಾಗ ಸಿದರಾಯ, "ಮುಂದಿನ ತಿಂಗಳ ಬರ್ರಿ. ಊಟಾನೂ ನಮ್ಮ ಮನ್ಯಾಗ," ಎಂದ.

ಎರಡು ದಿನ ಚನಮಲ್ಲಪ್ಪ ಮಾಳಿಗೆ ಹತ್ತಲಿಲ್ಲ. ರಾಜಶ್ರೀ ಮಗಳನ್ನು ಕರೆದು, ಅಪ್ಪನ ಮೈ ಬಿಸಿ ಇದೆಯೇನೋ ನೋಡು ಎಂದಳು. ಮೂರನೆಯ ದಿನ ಅಂಗಡಿಗೆ ಬಂದ ಮಗ್ಗದವರೊಬ್ಬರು, "ಏನ್ರಿ, ನಾಯಕ್ರಾಗೂದು ಬಿಟ್ರಂತ?" ಎಂದು ಕೇಳಿದರು. ಕೇಳಿದವರು ನಗುವುದಕ್ಕೆ ತಯಾರಾಗಿ ಬಂದಿದ್ದರು. ಚನಮಲ್ಲಪ್ಪ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಗ್ಗದವರು ನಗಲಿಲ್ಲ, ಎದ್ದು ನಿಂತು ಕೈ ಮುಗಿದು, "ಎಂಥಾ ಮಾತ ಸಾವಕಾರ್ರ!" ಎಂದುಬಿಟ್ಟರು.

ಆ ಕೈ ಮುಗಿದದ್ದೇ ತಪ್ಪಾಯಿತು. ಸಂಜೆಯ ಹೊತ್ತಿಗೆ ಕಥೆಯಲ್ಲಿ ಔಷಧದ ಬಟನ್ ಸಣ್ಣದಾಯಿತು, ತ್ಯಾಗ ದೊಡ್ಡದಾಯಿತು. ಮರುದಿನ ಬಟನ್ ಪೂರ್ತಿ ಬಿದ್ದುಹೋಯಿತು. "ಡೈಮಂಡ್ ಆದವ್ರು ಊರಿಗೆ ಹತ್ತು ಮಂದಿ ಸಿಗತಾರ," ಎಂದು ಅವರು ಬ್ಯಾಂಕಿನಲ್ಲಿ ಹೇಳುತ್ತಿದ್ದರು, "ಬಿಟ್ಟಾಂವ ಯಾಂವರ ಇದ್ರ ಕರಕೊಂಡ ಬರ್ರಿ." ಮುಧೋಳದ ಮಾವನವರು, ಬಿಟ್ಟದ್ದು ಒಳ್ಳೆಯದಾಯಿತು, ಈ ಸಲ ಆ ಪಾರ್ಟಿಯ ಗಾಳಿ ಸರಿ ಇಲ್ಲ ಎಂದು ಹೇಳಿ ಕಳಿಸಿದರು.

ಪಂದ್ಯಾವಳಿಯ ದಿನ ಜಮಖಂಡಿಯ ಸಭಾಭವನದಲ್ಲಿ ಮುಂದಿನ ಸಾಲಿನಲ್ಲೇ ಚನಮಲ್ಲಪ್ಪ ಕೂತಿದ್ದರು. ತಲೆಗೆ ಪಟಗಾ; ಪಕ್ಕದಲ್ಲಿ ಸಿದರಾಯ. ವೇದಿಕೆಯ ಮೇಲೆ ಹುಡುಗರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದರು. ದೊಡ್ಡ ಪರದೆಯ ಮೇಲೆ ದ್ವೀಪ ಕಾಣುತ್ತಿತ್ತು. ಬನಹಟ್ಟಿಯ ತಂಡಕ್ಕೆ ವೀರೇಶನೇ ನಾಯಕ. ಮೊದಲ ಸುತ್ತಿನಲ್ಲೇ ಮುಧೋಳದವರು ಅವರನ್ನು ಚೊಕ್ಕಟ ಮಾಡಿದರು.

"ಜೋಡಿ ಸರಿ ಇರಲಿಲ್ಲ," ಎಂದರು ಚನಮಲ್ಲಪ್ಪ. ಸಿದರಾಯ ಅವರ ಮುಖ ನೋಡಿದ. ಅವರು ಪರದೆಯನ್ನೇ ನೋಡುತ್ತಿದ್ದರು.

ವಿರಾಮದಲ್ಲಿ ಹಿರಿಯರಿಗೆ ಶಾಲು ಹೊದಿಸುವ ಕಾರ್ಯಕ್ರಮ. ನಿರೂಪಕ ಹುಡುಗ ವೀರೇಶ ಕಳಿಸಿದ್ದನ್ನು ಮೊಬೈಲಿನಲ್ಲಿ ನೋಡಿಕೊಂಡು ಓದಿದ: "ಬನಹಟ್ಟಿಯ ಕುಸ್ತಿ ಪಂಚರು, ನಮ್ಮ ಭಾಗದ ಹಿರಿಯ ಪ್ಲಾಟಿನಂ ಆಟಗಾರರಾದ ಶ್ರೀ ಚನಮಲ್ಲಪ್ಪನವರು ವೇದಿಕೆಗೆ ಬರಬೇಕಾಗಿ ವಿನಂತಿ."

ಹಿಂದಿನ ಸಾಲುಗಳಲ್ಲಿ ಡೈಮಂಡ್ ಹುಡುಗರು ತುಂಬಿದ್ದರು. ಯಾರೋ ಕಿಸಕ್ಕನೆ ನಕ್ಕರು. ಚನಮಲ್ಲಪ್ಪ ಎದ್ದರು, ಪಟಗಾ ಸರಿಪಡಿಸಿಕೊಂಡರು, ವೇದಿಕೆಯ ಮೆಟ್ಟಿಲವರೆಗೆ ಹೋಗಿ ಅಲ್ಲೇ ನಿಂತರು. ಹತ್ತಲಿಲ್ಲ. ನಿರೂಪಕನನ್ನು ಬೆರಳಿನಿಂದ ಹತ್ತಿರ ಕರೆದರು. ಅವನು ಗಾಬರಿಯಾಗಿ ಮೈಕ್ ಹಿಡಿದುಕೊಂಡೇ ಬಗ್ಗಿದ. ಅದರಿಂದಾಗಿ ಅವರು ಗುಟ್ಟಾಗಿ ಹೇಳಿದ್ದು ಸಭಾಭವನಕ್ಕೆಲ್ಲ ಕೇಳಿಸಿತು.

"ತಮ್ಮಾ, ಸ್ವಂತ ಇಚ್ಛೆಯಿಂದ ಅನ್ನೂದನ್ನೂ ಹೇಳು."

"ಏನ್ರಿ?"

"ಪ್ಲಾಟಿನಂ. ಸ್ವಂತ ಇಚ್ಛೆಯಿಂದ."

ಹುಡುಗನಿಗೆ ಏನೂ ತಿಳಿಯಲಿಲ್ಲ. ಆದರೆ ಹಿರಿಯರ ಮಾತು. ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದ: "ಸ್ವಂತ ಇಚ್ಛೆಯಿಂದ ಪ್ಲಾಟಿನಂ ಆಗಿರತಕ್ಕಂಥ…"

ಸಭೆ ಚಪ್ಪಾಳೆ ತಟ್ಟಿತು. ಚನಮಲ್ಲಪ್ಪ ಆಮೇಲೆಯೇ ಮೆಟ್ಟಿಲು ಹತ್ತಿದರು.